ಕಾಡ್ ಮೀನಿನ ತಾಯಿಗೆ ವಯಸ್ಸೆಷ್ಟು? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೀನುಗಾರಿಕೆ ಓದಿ, ತೀರ್ಥಹಳ್ಳಿ ಕಡೆ ಕೆರೆಗಳಿಗೆ ಮೀನುಮರಿ ಬಿಡಿಸುವ ಕೆಲಸ ಮಾಡಿಕೊಂಡಿದ್ದೇನೆ. ಒಂದು ಮಳೆಗಾಲದಲ್ಲಿ ಪಕ್ಕದೂರಿನ ಹುಡುಗರು 'ಮೀನಿನ ಬಗ್ಗೆ ನಾಲ್ಕು ಮಾತಾಡಿ' ಅಂತ ಕರೆದರು. ಮಳೆಗೆ ಹಳ್ಳ ಹತ್ತಿ ಬರುವ ಹತ್ತುಮೀನಿನಿಂದ ಶುರುವಾದ ಮಾತು ಎಲ್ಲೆಲ್ಲೋ ಹೋಗಿ ನಾರ್ವೆಯ ಕಾಡ್ ಮೀನಿನ ಹತ್ತಿರ ನಿಂತಿತು. ಅವತ್ತಿನಿಂದ ಪ್ರಶ್ನೆಗಳು ನಿಂತಿಲ್ಲ. ಅಡಿಕೆ ಮಂಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕಾಗದದಲ್ಲಿ, ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಅವೇ ಬರುತ್ತವೆ. ಒಂದು ಕಡೆ ಬರೆದಿಟ್ಟರೆ ನನಗೂ ಅನುಕೂಲ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ.

## ಬುಡದಿಂದ ಶುರು ಮಾಡೋಣ

ಕಾಡ್ ಮೀನು ಅಂದ್ರೆ ಕಾಡಿನ ಮೀನಾ?

ನಗಬೇಡಿ, ನಾಲ್ಕೈದು ಜನ ಕೇಳಿದ್ದಾರೆ. ಕಾಡಿಗೂ ಅದಕ್ಕೂ ಸಂಬಂಧವಿಲ್ಲ, 'ಕಾಡ್' ಅನ್ನುವುದು ಅದರ ಇಂಗ್ಲಿಷ್ ಹೆಸರು. ಉತ್ತರ ಅಟ್ಲಾಂಟಿಕ್ ಸಮುದ್ರದ ತಣ್ಣೀರಿನಲ್ಲಿ ಇರುವ ಮೀನು. ಬೆನ್ನ ಮೇಲೆ ಮೂರು ರೆಕ್ಕೆ, ಪಕ್ಕದಲ್ಲಿ ಉದ್ದಕ್ಕೆ ಒಂದು ಬಿಳಿ ಗೆರೆ, ಗದ್ದದ ಕೆಳಗೆ ಒಂದೇ ಒಂದು ಮೀಸೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್, ಐಸ್‌ಲ್ಯಾಂಡ್, ನಾರ್ವೆ, ಬಾಲ್ಟಿಕ್ ಸಮುದ್ರ, ಇವೆಲ್ಲ ಅದರ ಊರುಗಳು.

ಶಿವಮೊಗ್ಗದ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ, ಬೂತಾಯಿ, ಅಂಜಲ್ ಸಿಗುತ್ತದೆ, ಕಾಡ್ ಸಿಗುವುದಿಲ್ಲ. ಆದರೂ ನಿಮ್ಮಲ್ಲಿ ಸುಮಾರು ಜನ ಅದರ ರುಚಿ ನೋಡಿರುತ್ತೀರಿ. ಚಿಕ್ಕವರಿದ್ದಾಗ ಮನೆಯಲ್ಲಿ ನುಂಗಿಸುತ್ತಿದ್ದ ಹಳದಿ ಬಣ್ಣದ ಮೀನೆಣ್ಣೆ ಮಾತ್ರೆ ನೆನಪಿದೆಯಾ? ಕಾಡ್ ಲಿವರ್ ಎಣ್ಣೆ ಅಂದರೆ ಈ ಮೀನಿನ ಲಿವರಿನದು. ಆ ಲಿವರಿನ ವಿಷಯ ಮುಂದೆ ಇನ್ನೊಂದು ಸಲ ಬರುತ್ತದೆ.

ಎಷ್ಟು ದೊಡ್ಡದಾಗುತ್ತೆ? ಎಷ್ಟು ವರ್ಷ ಬದುಕುತ್ತೆ?

ಯಾರೂ ಹಿಡಿಯದಿದ್ದರೆ 20–25 ವರ್ಷ ಬದುಕಬಲ್ಲದು. ಇದುವರೆಗಿನ ದಾಖಲೆಯ ಮೀನು 1895ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ಕಡಲಲ್ಲಿ ಸಿಕ್ಕಿದ್ದು. ಸುಮಾರು 95 ಕಿಲೊ ತೂಕ, ಆರು ಅಡಿಗಿಂತ ಉದ್ದ. ಒಂದು ಅಡಿಕೆ ಮೂಟೆಗಿಂತ ಭಾರ! ಈಗ ಬಲೆಗೆ ಬೀಳುವುದು ಹೆಚ್ಚಾಗಿ ಕೆಲವೇ ಕಿಲೊ ತೂಗುವ ಮೀನು.

ಒಂದು ಮಾತು ಇಲ್ಲೇ ತಲೆಯಲ್ಲಿಟ್ಟುಕೊಳ್ಳಿ. ಹಸು, ನಾಯಿ, ಮನುಷ್ಯರು ಒಂದು ವಯಸ್ಸಿಗೆ ಬೆಳೆಯುವುದು ನಿಲ್ಲಿಸುತ್ತೇವೆ. ಮೀನು ನಿಲ್ಲಿಸುವುದಿಲ್ಲ. ನಿಧಾನವಾಗಿಯಾದರೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಹಳೇ ಮೀನು ಅಂದರೆ ಬಹುಪಾಲು ದೊಡ್ಡ ಮೀನೇ.

ಮೀನಿನ ವಯಸ್ಸು ಹೇಗೆ ಹೇಳ್ತಾರೆ? ಎತ್ತಿನ ಹಾಗೆ ಹಲ್ಲು ನೋಡ್ತಾರಾ?

ಹಲ್ಲು ನೋಡುವುದಿಲ್ಲ, ಕಿವಿ ನೋಡುತ್ತಾರೆ. ಸಮುದ್ರದ ಮೀನಿನ ತಲೆ ಚೀಪುವಾಗ ಹಲ್ಲಿಗೆ ಬಿಳೀ ಕಲ್ಲು ಸಿಕ್ಕಿ 'ಕಟಕ್' ಅನ್ನುತ್ತದಲ್ಲ, ಅದು ಮರಳಲ್ಲ. ಮೀನಿನ ಒಳಕಿವಿಯಲ್ಲಿರುವ ಸುಣ್ಣದ ಕಲ್ಲು. ಕಿವಿಗಲ್ಲು ಅನ್ನೋಣ. ಕಾಡ್ ಮೀನಿನಲ್ಲಿ ಅದು ದೊಡ್ಡದು, ಹೆಚ್ಚುಕಡಿಮೆ ಅವರೆಕಾಳಿನಷ್ಟು. ಅದನ್ನು ನಡುವಿಗೆ ಮುರಿದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ದಿಮ್ಮಿಯ ಹಾಗೆ ಬಳೆ ಬಳೆ ಕಾಣುತ್ತದೆ. ಚೆನ್ನಾಗಿ ಬೆಳೆದ ಕಾಲದ್ದು ಒಂದು ಬಗೆ, ಬೆಳವಣಿಗೆ ಕುಂಟಿದ ಕಾಲದ್ದು ಇನ್ನೊಂದು ಬಗೆ. ಎರಡೂ ಸೇರಿ ಒಂದು ವರ್ಷ. ಎಣಿಸಿದರೆ ಆಯಿತು. ಸುಮ್ನೆ ಹೇಳಿದಷ್ಟು ಸುಲಭವಲ್ಲ, ಕಣ್ಣು ಪಳಗಬೇಕು.

ತೊಂದರೆ ಒಂದೇ. ಕಲ್ಲು ತೆಗೆಯಬೇಕಾದರೆ ಮೀನು ಸತ್ತಿರಬೇಕು.

ಇದೂ ನಮ್ಮ ಹತ್ತುಮೀನಿನ ಹಾಗೆ ಹೊಳೆ ಹತ್ತಿ ಮೊಟ್ಟೆ ಇಡುತ್ತಾ?

ಹೊಳೆ ಹತ್ತುವುದಿಲ್ಲ, ಆದರೆ ಪ್ರಯಾಣ ಮಾಡುತ್ತದೆ. ನಾರ್ವೆಯ ಉತ್ತರಕ್ಕೆ ಬ್ಯಾರೆಂಟ್ಸ್ ಸಮುದ್ರದಲ್ಲಿ ಬೆಳೆದ ಕಾಡ್ ನೂರಾರು ಕಿಲೋಮೀಟರ್ ಈಜಿ ಲೊಫೋಟೆನ್ ದ್ವೀಪಗಳ ಕಡೆ ಬರುತ್ತದೆ. ಜನವರಿಯಿಂದ ಏಪ್ರಿಲ್ ತನಕ ಅಲ್ಲಿ ಮೀನಿನ ಜಾತ್ರೆ. ನಮ್ಮ ಹತ್ತುಮೀನು ಮೃಗಶಿರ ಮಳೆ ಹಿಡಿದರೆ ಹಳ್ಳ ಹತ್ತಿ ಗದ್ದೆಗೆ ನುಗ್ಗುವುದಿಲ್ಲವೇ, ಹಾಗೆಯೇ ಅದಕ್ಕೂ ಒಂದು ಗಳಿಗೆ ಇದೆ.

ಮೊಟ್ಟೆ ಇಡುವ ರೀತಿ ಮಾತ್ರ ಬೇರೆ. ಕಾಡ್ ಒಂದೇ ಸಲಕ್ಕೆ ಎಲ್ಲ ಇಟ್ಟು ಮುಗಿಸುವುದಿಲ್ಲ. ಕೆಲವು ದಿನಕ್ಕೊಮ್ಮೆ ಒಂದು ಕಂತು, ಹೀಗೆ ಹತ್ತಾರು ಕಂತು. ಒಂದು ತಾಯಿಮೀನಿಗೆ ತಿಂಗಳಿಂದ ಎರಡು ತಿಂಗಳು ಹಿಡಿಯಬಹುದು. ಮೊಟ್ಟೆ ನೀರಿನಲ್ಲಿ ತೇಲುತ್ತದೆ. ಕಾವಲು ಇಲ್ಲ, ಗೂಡಿಲ್ಲ. ನೀರು ಎಷ್ಟು ತಣ್ಣಗಿದೆ ಅನ್ನುವುದರ ಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಒಡೆಯುತ್ತದೆ.

ಮೊದಲ ಸಲ ಮೊಟ್ಟೆ ಇಡೋದು ಯಾವ ವಯಸ್ಸಿಗೆ?

ಊರಿನ ಮೇಲೆ ಹೋಗುತ್ತದೆ. ದಕ್ಷಿಣದ, ಸ್ವಲ್ಪ ಬೆಚ್ಚಗಿನ ನೀರಿನಲ್ಲಿ 2–4 ವರ್ಷಕ್ಕೇ ಆಗುತ್ತದೆ. ಬ್ಯಾರೆಂಟ್ಸ್ ಸಮುದ್ರದಂಥ ಕೊರೆಯುವ ನೀರಿನಲ್ಲಿ 7ರ ಆಸುಪಾಸು.

## ತಾಯಿ, ಮೊಟ್ಟೆ, ಮರಿ

ದೊಡ್ಡ ಮೀನು ಜಾಸ್ತಿ ಮೊಟ್ಟೆ ಇಡುತ್ತೆ. ಇದರಲ್ಲಿ ಹೊಸದೇನಿದೆ ಮಾರಾಯ್ರೆ?

ಜಾಸ್ತಿ ಅನ್ನುವುದು ಹೊಸದಲ್ಲ. ಎಷ್ಟು ಜಾಸ್ತಿ ಅನ್ನುವುದು ಹೊಸದು.

ಒಂದು ಲೆಕ್ಕ ಮಾಡೋಣ. 30 ಕಿಲೊ ತೂಗುವ ಒಂದು ತಾಯಿ ಕಾಡ್ ಇದೆ ಅನ್ನಿ. ಅದರಷ್ಟೇ ಮೊಟ್ಟೆ ಬೇಕಾದರೆ 2 ಕಿಲೊದ ಮೀನು ಎಷ್ಟು ಬೇಕು? ನಾನು ಕೇಳಿದವರೆಲ್ಲ ಥಟ್ಟನೆ 'ಹದಿನೈದು' ಅಂದರು. ತೂಕಕ್ಕೆ ತೂಕ ಸರಿ, ಆದರೆ ಉತ್ತರ ತಪ್ಪು. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ 28 ಮೀನು ಸೇರಿದರೂ ಅದರ ಮೊಟ್ಟೆಯ ಸಂಖ್ಯೆ ಮುಟ್ಟುವುದಿಲ್ಲ. ಆ 28ರ ಒಟ್ಟು ತೂಕ 56 ಕಿಲೊ! ಇನ್ನು ಮೊಟ್ಟೆಯೊಳಗೆ ತುಂಬಿರುವ ಕಸುವನ್ನೂ ಸೇರಿಸಿದರೆ 37 ಮೀನು ಬೇಕು. ದೊಡ್ಡ ತಾಯಿಯ ಮೊಟ್ಟೆ ಲೆಕ್ಕದಲ್ಲೂ ಹೆಚ್ಚು, ಒಂದೊಂದೂ ದಪ್ಪ.

ನನ್ನ ಮಟ್ಟಿಗೆ ಈ ಪುಟದ ಇಡೀ ವಿಷಯ ಇಷ್ಟೇ. ಹಳೇ ತಾಯಿಯ ಒಂದು ಕಿಲೊ ಮತ್ತು ಎಳೇ ತಾಯಿಯ ಒಂದು ಕಿಲೊ ತಕ್ಕಡಿಯಲ್ಲಿ ಒಂದೇ, ಸಮುದ್ರದಲ್ಲಿ ಒಂದೇ ಅಲ್ಲ.

ಚೊಚ್ಚಲು ಮೀನಿನ ಮೊಟ್ಟೆಗೆ ಏನು ಕೊರತೆ? ಮೊಟ್ಟೆ ಮೊಟ್ಟೆಯೇ ಅಲ್ವಾ?

ತೊಟ್ಟಿಯಲ್ಲಿ ಸಾಕಿ ನೋಡಿದ್ದಾರೆ. ಅದೇ ಮೀನುಗಳು ಮೊದಲ ವರ್ಷ ಏನು ಮಾಡಿದವು, ಎರಡನೇ ವರ್ಷ ಏನು ಮಾಡಿದವು ಅಂತ ಹೋಲಿಸಿದ್ದಾರೆ. ಮೊದಲ ವರ್ಷ ಮೊಟ್ಟೆ ಇಡುವ ದಿನಗಳು ಕಡಿಮೆ, ಕಂತು ಕಡಿಮೆ, ಮೊಟ್ಟೆ ಸಣ್ಣ. ಗಂಡಿನ ಬೀಜ ಸೇರಿ ಫಲ ಕಟ್ಟುವುದೂ ಕಡಿಮೆ, ಫಲ ಕಟ್ಟಿದ್ದರಲ್ಲಿ ಒಡೆದು ಮರಿಯಾಗುವುದೂ ಕಡಿಮೆ. ಒಂದೊಂದು ಮೆಟ್ಟಿಲಿನಲ್ಲೂ ಸ್ವಲ್ಪ ಸ್ವಲ್ಪ ಸೋರಿಕೆ. ಕೊನೆಗೆ ಕೈಗೆ ಉಳಿಯುವುದು ತೀರಾ ಕಮ್ಮಿ.

ಹಟ್ಟಿಯಲ್ಲಿ ದನ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೊಚ್ಚಲು ಕರು ಹಾಕಿದ ಗಿಡ್ಡ ಹಸುವಿಗೂ ಮೂರನೇ ಸೂಲಿನ ಹಸುವಿಗೂ ವ್ಯತ್ಯಾಸ ಅವರಿಗೆ ಗೊತ್ತು. ಮೈ ಇನ್ನೂ ಬೆಳೆಯುತ್ತಿರುವಾಗ ತಿಂದದ್ದರಲ್ಲಿ ಮೈಗೂ ಪಾಲು, ಮರಿಗೂ ಪಾಲು.

ಮೊಟ್ಟೆ ಎಷ್ಟು ದಪ್ಪ ಇದ್ರೂ ಮಿಲಿಮೀಟರ್ ಲೆಕ್ಕ ತಾನೆ? ಅದರಿಂದ ಮರಿಗೆ ಏನಾಗುತ್ತೆ?

ಕಾಡ್ ಮೊಟ್ಟೆ ಸಾಸಿವೆ ಕಾಳಿಗಿಂತ ದೊಡ್ಡದೇನಲ್ಲ, ಒಂದೂಕಾಲು–ಒಂದೂವರೆ ಮಿಲಿಮೀಟರ್. 1.2 ಮಿಲಿಮೀಟರಿಗೂ 1.5ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸುತ್ತದೆ. ಆದರೆ ಉಂಡೆಯ ಲೆಕ್ಕ ಬೇರೆ. ಅಡ್ಡಳತೆ ಕಾಲು ಭಾಗ ಹೆಚ್ಚಾದರೆ ಒಳಗೆ ಹಿಡಿಸುವುದು ಹೆಚ್ಚುಕಡಿಮೆ ಎರಡರಷ್ಟು. ಲಾಡು ಕಟ್ಟಿದವರಿಗೆ ಗೊತ್ತು, ಕೈ ಸ್ವಲ್ಪ ಜಾರಿದರೆ ಇಪ್ಪತ್ತು ಲಾಡಿನ ಹಿಟ್ಟು ಹತ್ತಕ್ಕೇ ಮುಗಿಯುತ್ತದೆ.

ಮೊಟ್ಟೆ ಒಡೆದು ಬರುವ ಮರಿ ನಾಲ್ಕು ಮಿಲಿಮೀಟರ್ ಉದ್ದದ ಒಂದು ನೂಲಿನ ತುಂಡು. ಹೊಟ್ಟೆಯ ಕೆಳಗೆ ತಾಯಿ ಕಟ್ಟಿಕೊಟ್ಟ ಬುತ್ತಿಯ ಚೀಲ. ಆ ಬುತ್ತಿ ಒಂದು ವಾರಕ್ಕೆ ಸಾಲುತ್ತದೆ. ಅಷ್ಟರೊಳಗೆ ಅದು ಬಾಯಿ ತೆರೆದು, ಕಣ್ಣು ತಿರುಗಿಸಿ, ತನಗಿಂತ ಸಣ್ಣ ನೀರುಹುಳದ ಮರಿಯನ್ನು ಹಿಡಿಯುವುದು ಕಲಿಯಬೇಕು. ಕಲಿಯದಿದ್ದರೆ ಸತ್ತಿತು. ಐಸ್‌ಲ್ಯಾಂಡಿನಲ್ಲಿ 1990ರ ದಶಕದಲ್ಲಿ ಇದನ್ನು ಹತ್ತಿರದಿಂದ ನೋಡಿದರು. ವಯಸ್ಸಾದ ತಾಯಿಯ ಮೊಟ್ಟೆ ದಪ್ಪ, ದಪ್ಪ ಮೊಟ್ಟೆಯ ಮರಿ ಗಟ್ಟಿ. ಅವು ಬೇಗ ತಿನ್ನಲು ಶುರು ಮಾಡಿದವು, ಮೈ ತೇಲಿಸುವ ಗಾಳಿಚೀಲ ಹೆಚ್ಚು ಮರಿಗಳಲ್ಲಿ ಸರಿಯಾಗಿ ತುಂಬಿತು, ಬೆಳವಣಿಗೆಯೂ ಚುರುಕು.

ತೇಲೋ ಮೊಟ್ಟೆ, ಮುಳುಗೋ ಮೊಟ್ಟೆ ಅಂದ್ರಲ್ಲ ಅವತ್ತು, ಅದೇನು?

ನನಗೆ ತುಂಬಾ ಇಷ್ಟವಾದ ಪ್ರಶ್ನೆ.

ಬಾಲ್ಟಿಕ್ ಸಮುದ್ರದ ನೀರು ಅರ್ಧಂಬರ್ಧ ಉಪ್ಪು. ಮೇಲೆ ಸಪ್ಪೆ ನೀರು, ಕೆಳಗೆ ಉಪ್ಪು ನೀರು, ಎರಡೂ ಸಲೀಸಾಗಿ ಬೆರೆಯುವುದಿಲ್ಲ. ಸಪ್ಪೆ ನೀರಿನಲ್ಲಿ ಕಾಡ್ ಮೊಟ್ಟೆ ಮುಳುಗುತ್ತದೆ. ಉಪ್ಪು ಇರುವ ಪದರಕ್ಕೆ ಬಂದಾಗ ನಡುನೀರಿನಲ್ಲಿ ತೂಗಾಡುತ್ತಾ ನಿಲ್ಲುತ್ತದೆ. ಇನ್ನೂ ಕೆಳಗೆ ಹೋದರೆ ಅಲ್ಲಿ ಆಮ್ಲಜನಕವೇ ಇಲ್ಲ, ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಅಂದರೆ ಬದುಕುವ ಜಾಗ ಒಂದು ತೆಳು ಪದರ. ದೊಡ್ಡ ತಾಯಿಯ ಮೊಟ್ಟೆ ದಪ್ಪವಾದರೂ ಗಾತ್ರಕ್ಕೆ ಹಗುರ, ಆ ಪದರದ ಮೇಲ್ಭಾಗದಲ್ಲಿ ತೇಲುತ್ತದೆ. ಚಿಕ್ಕ ತಾಯಿಯ ಮೊಟ್ಟೆ ಇನ್ನಷ್ಟು ಕೆಳಗೆ ಇಳಿದು ಸಾವಿನ ಬಾಯಿಗೆ ಬೀಳುವ ಸಂಭವ ಜಾಸ್ತಿ. ಕೆಟ್ಟ ವರ್ಷಗಳಲ್ಲಿ ತಾಯಿಯ ಗಾತ್ರವೇ ಮರಿಯ ಹಣೆಬರಹ.

ಅಡಿಕೆ ಸಸಿ ಮಾಡುವವರು ಇಲ್ಲಿ ನಗುತ್ತೀರಿ ಅಂತ ಗೊತ್ತು. ಬೀಜದ ಹಣ್ಣಡಿಕೆ ಆರಿಸುವಾಗ ನಾವೂ ನೀರಿಗೆ ಹಾಕಿ ನೋಡುತ್ತೇವೆ. ತೊಟ್ಟು ಮೇಲಾಗಿ ನೆಟ್ಟಗೆ ತೇಲಿದ್ದು ಬೀಜಕ್ಕೆ, ಅಡ್ಡ ಮಲಗಿದ್ದು ಬುಟ್ಟಿಗೆ. ಅದನ್ನೂ ಮೊದಲ ಫಸಲಿನ ಎಳೇ ಮರದಿಂದ ತರುವುದಿಲ್ಲ. ಹತ್ತು ವರ್ಷ ದಾಟಿ, ಪ್ರತಿ ವರ್ಷ ಕೈಕೊಡದೆ ಬಿಟ್ಟ ತಾಯಿಮರ ಹುಡುಕುತ್ತೇವೆ. ಅಡಿಕೆಗೂ ಮೀನಿಗೂ ಕಾರಣ ಬೇರೆ ಬೇರೆ, ಆದರೆ ನಮ್ಮ ಅಜ್ಜಂದಿರ ಕಣ್ಣು ತಪ್ಪಿರಲಿಲ್ಲ.

ಎರಡು ತಿಂಗಳು ಮೊಟ್ಟೆ ಇಟ್ರೂ ಅಷ್ಟೇ, ಎರಡು ವಾರ ಇಟ್ರೂ ಅಷ್ಟೇ, ಒಟ್ಟು ಲೆಕ್ಕ ಒಂದೇ ಆದ್ರೆ?

ಲೆಕ್ಕ ಒಂದೇ ಆದರೂ ಅದೃಷ್ಟ ಒಂದೇ ಅಲ್ಲ. ನಾರ್ವೆಯ ಯೋಹಾನ್ ಯೋರ್ಟ್ ಎಂಬ ವಿಜ್ಞಾನಿ 1914ರಲ್ಲೇ ಒಂದು ಮಾತು ಹೇಳಿದ್ದರು. ಮೀನು ಒಂದು ವರ್ಷ ಸಮೃದ್ಧಿ, ಇನ್ನೊಂದು ವರ್ಷ ಬರ ಆಗುವುದಕ್ಕೆ ಕಾರಣ ಮರಿಯ ಮೊದಲ ಕೆಲವು ದಿನಗಳಲ್ಲಿದೆ ಅಂತ. ಬುತ್ತಿ ಮುಗಿಯುವ ಹೊತ್ತಿಗೂ ನೀರಿನಲ್ಲಿ ಸಣ್ಣ ಹುಳ ತುಂಬುವ ಹೊತ್ತಿಗೂ ತಾಳೆಯಾದರೆ ಮರಿ ಬದುಕಿತು. ಹತ್ತು ದಿನ ಹಿಂದೆ ಮುಂದೆ ಆದರೆ ಇಲ್ಲ. ಹುಳ ಯಾವಾಗ ಬರುತ್ತದೆ ಅಂತ ತಾಯಿಮೀನಿಗೆ ಮೊದಲೇ ಗೊತ್ತಿಲ್ಲ.

ಮಳೆ ನಂಬಿಕೆಯಿಲ್ಲದ ವರ್ಷ ನಾವೇನು ಮಾಡುತ್ತೇವೆ? ಇಡೀ ಬೀಜವನ್ನು ಒಂದೇ ದಿನ ಸಸಿಮಡಿಗೆ ಹಾಕುವುದಿಲ್ಲ. ಎರಡು ಮೂರು ಕಂತು ಮಾಡುತ್ತೇವೆ. ಒಂದು ಕೊಚ್ಚಿಹೋದರೂ ಇನ್ನೊಂದು ಇರಲಿ ಅಂತ. ಹಳೇ ಕಾಡ್ ಮಾಡುವುದು ಅದೇ. ಬೇರೆ ಬೇರೆ ವಯಸ್ಸಿನ ತಾಯಂದಿರು ಒಂದೇ ದಿನ ಶುರು ಮಾಡುವುದೂ ಇಲ್ಲ, ಒಂದೇ ದಿನ ಮುಗಿಸುವುದೂ ಇಲ್ಲ. ಎಲ್ಲ ವಯಸ್ಸಿನವರೂ ಇದ್ದರೆ ಕಂತು ಉದ್ದಕ್ಕೆ ಹರಡಿಕೊಳ್ಳುತ್ತದೆ. ಬರೀ ಚೊಚ್ಚಲು ಮೀನುಗಳೇ ಉಳಿದರೆ ಇಡೀ ಸಮುದ್ರದ ಬಿತ್ತನೆ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ.

ಗಂಡಿನ ವಯಸ್ಸು ಲೆಕ್ಕಕ್ಕಿಲ್ವಾ?

ಇದೆ, ಆದರೆ ಹೆಣ್ಣಿನಷ್ಟಲ್ಲ. ಮೊಟ್ಟೆಯ ಬುತ್ತಿ ಪೂರ್ತಿ ತಾಯಿಯದು. ಗಂಡು ಕಾಡ್ ತಳದ ಹತ್ತಿರ ಒಂದು ಜಾಗ ಹಿಡಿದು, ಗಾಳಿಚೀಲ ನಡುಗಿಸಿ ಗುರ್ ಗುರ್ ಅಂತ ಸದ್ದು ಮಾಡುತ್ತದೆ. ಹೆಣ್ಣು ಬಂದು ಆರಿಸಿಕೊಳ್ಳುತ್ತದೆ. ಮೀನೂ ಮಾತಾಡುತ್ತದೆ ಅಂತ ಮಕ್ಕಳಿಗೆ ಹೇಳಿದರೆ ಪ್ರಶ್ನೆಯೆಲ್ಲ ಆ ಕಡೆಗೇ ತಿರುಗುತ್ತದೆ.

ತೀರಾ ಮುದಿಯಾದ್ರೆ ಮೊಟ್ಟೆ ನಿಲ್ಲಲ್ವಾ?

ಕಾಡ್ ಮೀನಿನಲ್ಲಿ ಹಾಗೆ ಒಂದು ವಯಸ್ಸಿಗೆ ಬಾಗಿಲು ಮುಚ್ಚುವುದಿಲ್ಲ. ಆದರೆ ಒಂದು ವರ್ಷ ರಜೆ ಹಾಕುವುದುಂಟು. ತಿನ್ನಲು ಸರಿಯಾಗಿ ಸಿಗದಿದ್ದರೆ, ಮೈಯಲ್ಲಿ ಕೊಬ್ಬು ಸಾಲದಿದ್ದರೆ ಆ ವರ್ಷ ಮೊಟ್ಟೆ ಇಡದೆ ಮೈ ಸುಧಾರಿಸಿಕೊಳ್ಳುತ್ತದೆ. ಇದು ಎಳೇ ಮೀನಿನಲ್ಲೂ ಆಗುತ್ತದೆ.

## ಬಲೆ ಮತ್ತು ಲೆಕ್ಕ

ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನೇ ಖಾಲಿ ಆಯ್ತಂತೆ, ಹೌದಾ?

ಪೂರ್ತಿ ಖಾಲಿ ಅಲ್ಲ, ಖಾಲಿಯ ಹತ್ತಿರ. ಐನೂರು ವರ್ಷ ಹಿಡಿದರೂ ಮುಗಿಯದ ಮೀನು ಅಂತ ಹೆಸರಾಗಿತ್ತು. ಆಮೇಲೆ ಹಿಡಿದ ಜಾಗದಲ್ಲೇ ಮೀನನ್ನು ಕೊಯ್ದು ಮಂಜುಗಟ್ಟಿಸುವ ಕಾರ್ಖಾನೆಯಂಥ ಹಡಗುಗಳು ಬಂದವು. 1968ರಲ್ಲಿ ಒಂದೇ ವರ್ಷ 8 ಲಕ್ಷ ಟನ್ನಿಗಿಂತ ಹೆಚ್ಚು ಎತ್ತಿದರು. 1992ರ ಜುಲೈ 2ರಂದು ಕೆನಡಾ ಸರ್ಕಾರ ಅಲ್ಲಿನ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆ ಅಂದಿದ್ದರು. ಆ ನಿಷೇಧ ತೆಗೆದದ್ದು 2024ರಲ್ಲಿ, ಅದೂ 18,000 ಟನ್ನಿನ ಮಿತಿ ಇಟ್ಟು.

ಇದಕ್ಕೆ ತಾಯಿಯ ವಯಸ್ಸೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಮೊದಲ ಕಾರಣ ಅತಿಯಾಗಿ ಹಿಡಿದದ್ದು. ನೀರು ತೀರಾ ತಣ್ಣಗಾಗಿದ್ದು, ಕಾಡ್ ತಿನ್ನುವ ಕ್ಯಾಪೆಲಿನ್ ಎಂಬ ಸಣ್ಣ ಮೀನು ಕಡಿಮೆಯಾಗಿದ್ದು, ಇವೂ ಸೇರಿದವು. ಆದರೆ ಬಲೆ ಎಲ್ಲ ವಯಸ್ಸನ್ನೂ ಒಂದೇ ಥರ ಕಡಿಮೆ ಮಾಡುವುದಿಲ್ಲ. ಪ್ರತಿ ವರ್ಷ ಬಲೆ ತಪ್ಪಿಸಿಕೊಳ್ಳಬೇಕು ಅಂದರೆ 15 ವರ್ಷ ಬದುಕುವುದು ಲಾಟರಿ ಹೊಡೆದ ಹಾಗೆ. ಮೊದಲು ಕಾಣೆಯಾಗುವುದು ಹಿರಿಯರೇ. ಗುಂಪು ಕುಸಿದ ಮೇಲೆ ಮತ್ತೆ ಎದ್ದು ನಿಲ್ಲಿಸುವ ಕೆಲಸ ಎಳೇ ತಾಯಂದಿರ ಮೇಲೆ ಬೀಳುತ್ತದೆ.

ಸಣ್ಣದನ್ನ ಬಿಡು, ದೊಡ್ಡದನ್ನ ಹಿಡಿ. ಇದೇ ತಾನೆ ಎಲ್ಲ ಕಡೆ ನಿಯಮ?

ಹೌದು, ನೂರು ವರ್ಷದಿಂದ ಅದೇ. ಅರ್ಧ ಸರಿ. ಒಂದು ಸಲವಾದರೂ ಮೊಟ್ಟೆ ಇಡಲಿ ಅಂತ ಸಣ್ಣದನ್ನು ಬಿಡುವುದು ನ್ಯಾಯವೇ. ಆದರೆ 'ದೊಡ್ಡದು ಎಷ್ಟು ದೊಡ್ಡದಾದರೂ ನಿನ್ನದೇ' ಅನ್ನುವುದು ಕೈಕೊಡುತ್ತದೆ. ಅಡಿಕೆ ತೋಟದಲ್ಲಿ ಸಸಿ ಮುಟ್ಟದೆ ತಾಯಿಮರವನ್ನೇ ಕಡಿದ ಹಾಗೆ.

ಇದಕ್ಕೆ ಮೇಲಿನಿಂದಲೂ ಒಂದು ಗೆರೆ ಹಾಕುವ ಕಡೆಗಳಿವೆ. ಅಮೆರಿಕದ ಮೇನ್ ರಾಜ್ಯದಲ್ಲಿ ಲಾಬ್‌ಸ್ಟರ್ ಅನ್ನುವ ದೊಡ್ಡ ಕಡಲ ಸಿಗಡಿಗೆ ಕನಿಷ್ಠ ಅಳತೆಯೂ ಇದೆ, ಗರಿಷ್ಠ ಅಳತೆಯೂ ಇದೆ. ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ಬಾಲಕ್ಕೆ ಕಚ್ಚು ಹಾಕಿ ಬಿಡುತ್ತಾರೆ. ಮುಂದೆ ಯಾರ ಕೈಗೆ ಸಿಕ್ಕರೂ ಆ ಗುರುತು ನೋಡಿ ಮತ್ತೆ ಬಿಡಬೇಕು. ಐಸ್‌ಲ್ಯಾಂಡಿನಲ್ಲಿ ಕಿವಿರಿಗೆ ಸಿಕ್ಕಿಸುವ ಬಲೆಯ ಕಣ್ಣು 8 ಇಂಚಿಗಿಂತ ದೊಡ್ಡದಿರಬಾರದು ಅಂತ 2000ರ ದಶಕದಲ್ಲಿ ನಿಯಮ ಮಾಡಿದರು. ಬಲೆಯ ಕಣ್ಣು ಸಣ್ಣದಿರಬಾರದು ಅನ್ನುವುದನ್ನೇ ಕೇಳಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಆದರೆ ಈ ಬಲೆಗೆ ತನ್ನ ಕಣ್ಣಿಗೆ ಸರಿಹೊಂದುವ ತಲೆಯೇ ಬೇಕು. ಕಣ್ಣು ಸಣ್ಣದಾದರೆ ದೊಡ್ಡ ತಲೆ ಒಳಗೆ ತೂರುವುದಿಲ್ಲ, ಮೂತಿ ತಾಗಿಸಿ ತಿರುಗಿ ಹೋಗುತ್ತದೆ.

ಮೊಟ್ಟೆ ಇಡೋ ಮೀನು ಇಷ್ಟು ಟನ್ ಇದೆ ಅಂತ ಲೆಕ್ಕ ಇರುತ್ತಲ್ಲ, ಅಷ್ಟು ಸಾಲ್ದಾ?

ವಿಜ್ಞಾನಿಗಳು ಬಹಳ ಕಾಲ ಅದರ ಮೇಲೇ ನಡೆದರು. ಬಲಿತ ಮೀನಿನ ಒಟ್ಟು ತೂಕ ತೆಗೆದುಕೊಂಡು, ಇಷ್ಟು ತೂಕಕ್ಕೆ ಇಷ್ಟು ಮರಿ ಅಂತ ಗೆರೆ ಎಳೆಯುವುದು. ಗೆರೆಯ ಸುತ್ತ ಒಂದೊಂದು ವರ್ಷದ ನಿಜವಾದ ಲೆಕ್ಕದ ಚುಕ್ಕಿಗಳು ಮಾತ್ರ ಅಂಗಳದಲ್ಲಿ ಅಕ್ಕಿ ಚೆಲ್ಲಿದ ಹಾಗೆ. ಐಸ್‌ಲ್ಯಾಂಡಿನವರು 1998ರಲ್ಲಿ ಆ ಲೆಕ್ಕಕ್ಕೆ ತಾಯಂದಿರಲ್ಲಿ ಎಷ್ಟು ಬಗೆಯ ವಯಸ್ಸಿದೆ ಅನ್ನುವುದನ್ನೂ ಸೇರಿಸಿದರು. ಗೆರೆ ಮೊದಲಿಗಿಂತ ಚೆನ್ನಾಗಿ ಹೊಂದಿತು.

ಇನ್ನೊಂದು ದಾರಿ ಲಿವರಿನದು. ಕಾಡ್ ತನ್ನ ಕೊಬ್ಬನ್ನು ಮಾಂಸದಲ್ಲಿ ಇಡುವುದಿಲ್ಲ, ಲಿವರಿನಲ್ಲಿ ಕೂಡಿಡುತ್ತದೆ. ಮೊಟ್ಟೆ ಕಟ್ಟುವಾಗ ಆ ಕಣಜದಿಂದ ತೆಗೆದುಕೊಳ್ಳುತ್ತದೆ. ಬ್ಯಾರೆಂಟ್ಸ್ ಸಮುದ್ರದ ಕಾಡ್ ಬಗ್ಗೆ 1999ರಲ್ಲಿ ಒಂದು ಲೆಕ್ಕ ಬಂತು. ಇಡೀ ಗುಂಪಿನ ಲಿವರಿನಲ್ಲಿ ಒಟ್ಟು ಎಷ್ಟು ಕೊಬ್ಬಿದೆ ಅಂತ ನೋಡಿದರೆ ಎಷ್ಟು ಮೊಟ್ಟೆ ಬರುತ್ತದೆ ಅನ್ನುವುದು ಬರೀ ತೂಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ ಅಂತ. ನೀವು ನುಂಗಿದ ಹಳದಿ ಮಾತ್ರೆ ಹುಟ್ಟದ ಮರಿಗಳ ಬುತ್ತಿ ಅಂದರೆ ತಪ್ಪೇನಿಲ್ಲ.

ಬೇಗ ಮೊಟ್ಟೆ ಇಡೋಕೆ ಶುರು ಮಾಡಿದ್ರೆ ಒಳ್ಳೇದೇ ಆಯ್ತಲ್ಲ? ಬೇಗ ಬೇಗ ಮರಿ

ಹಾಗೆ ಕಾಣುತ್ತದೆ. ಬ್ಯಾರೆಂಟ್ಸ್ ಸಮುದ್ರದ ಕಾಡ್ ಕಳೆದ ಶತಮಾನದ ನಡುವಿನಲ್ಲಿ 9–10 ವರ್ಷಕ್ಕೆ ಬಲಿಯುತ್ತಿತ್ತು. ಅದೀಗ 7ರ ಹತ್ತಿರಕ್ಕೆ ಇಳಿದಿದೆ. ನ್ಯೂಫೌಂಡ್‌ಲ್ಯಾಂಡಿನಲ್ಲೂ ಮೀನುಗಾರಿಕೆ ನಿಲ್ಲುವ ಮೊದಲೇ, ಮೀನು ಎಳೇ ವಯಸ್ಸಿಗೆ, ಸಣ್ಣ ಗಾತ್ರಕ್ಕೆ ಬಲಿಯುವುದು ಹೆಚ್ಚಾಗಿತ್ತು ಅಂತ 2004ರಲ್ಲಿ ತೋರಿಸಿದರು. ಗುಂಪು ತೆಳುವಾದಾಗ ಉಳಿದವಕ್ಕೆ ಮೇವು ಜಾಸ್ತಿ ಸಿಕ್ಕಿ ಬೇಗ ಬಲಿಯುವುದು ಒಂದು ಕಾರಣ. ಇನ್ನೊಂದು ಕಾರಣ ರಕ್ತಕ್ಕೇ ಇಳಿದದ್ದು. ತಡವಾಗಿ ಬಲಿಯುವ ಮೀನು ಮೊಟ್ಟೆ ಇಡುವ ಮೊದಲೇ ಬಲೆಗೆ ಬೀಳುತ್ತದೆ, ಅದರ ಗುಣ ಮುಂದಕ್ಕೆ ಹೋಗುವುದಿಲ್ಲ. ಬೇಗ ಬಲಿತದ್ದು ಒಂದೆರಡು ಸಲ ಮೊಟ್ಟೆ ಇಟ್ಟು ಸಾಯುತ್ತದೆ, ಅದರ ಮಕ್ಕಳೇ ಸಮುದ್ರ ತುಂಬುತ್ತವೆ. ನಮಗೆ ಗೊತ್ತಿಲ್ಲದೆ ನಾವು ತಳಿ ಆಯ್ಕೆ ಮಾಡಿದ ಹಾಗಾಯಿತು, ಅದೂ ತಲೆಕೆಳಗಾಗಿ. ಬಲೆ ಎತ್ತಿದ ಕೂಡಲೇ ಈ ಗುಣ ಹಿಂದಕ್ಕೆ ತಿರುಗುವುದಿಲ್ಲ.

## ತಕರಾರು ತೆಗೆದವರಿಗೆ

ಲಕ್ಷಗಟ್ಟಲೆ ಮೊಟ್ಟೆಯಲ್ಲಿ ಒಂದೆರಡು ಉಳಿಯುತ್ತೆ. ತಾಯಿ ವಯಸ್ಸಿಂದ ಅಲ್ಲಿ ಏನು ಮಹಾ ಆಗುತ್ತೆ?

ಒಬ್ಬ ಕಾಲೇಜು ಮೇಷ್ಟ್ರು ಕೇಳಿದ್ದು. ಸರಿಯಾದ ತಕರಾರು. ತೊಟ್ಟಿಯಲ್ಲಿ ಕಂಡ ವ್ಯತ್ಯಾಸ ತೆರೆದ ಸಮುದ್ರದ ಗಾಳಿ, ಅಲೆ, ಶತ್ರುಗಳ ನಡುವೆ ಅಳಿಸಿಹೋಗಬಹುದು. ಈ ಬಗ್ಗೆ ಮೀನು ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಕೆಲವು ಗುಂಪಿನ ದಾಖಲೆಯಲ್ಲಿ ವಯಸ್ಸಿನ ಗುರುತು ಚೆನ್ನಾಗಿ ಕಾಣುತ್ತದೆ, ಕೆಲವದರಲ್ಲಿ ಮಸುಕು.

ನನಗೆ ಹೆಚ್ಚು ಒಪ್ಪಿಗೆಯಾಗುವ ವಾದ ಬೇರೆ. ವಯಸ್ಸಾದ ತಾಯಂದಿರು ಇದ್ದರೆ ಪ್ರತಿ ವರ್ಷ ಮರಿ ಜಾಸ್ತಿ ಆಗುತ್ತದೆ ಅಂತಲ್ಲ. ಕೆಟ್ಟ ವರ್ಷ ಅಷ್ಟು ಕೆಟ್ಟದಾಗುವುದಿಲ್ಲ. ಬ್ಯಾರೆಂಟ್ಸ್ ಸಮುದ್ರದ ಉದ್ದನೆಯ ದಾಖಲೆಯಲ್ಲಿ ಇದು ಕಂಡಿದೆ. ತಾಯಂದಿರ ಸರಾಸರಿ ವಯಸ್ಸು ಇಳಿದ ಮೇಲೆ, ನೀರಿನ ಬಿಸಿ ಸ್ವಲ್ಪ ಏರಿಳಿದರೂ ಮರಿಗಳ ಸಂಖ್ಯೆ ಅದರ ಜೊತೆ ಕುಣಿಯಲು ಶುರುವಾಯಿತು. ಮೊದಲು ಅಷ್ಟು ಕುಣಿಯುತ್ತಿರಲಿಲ್ಲ. ಮನೆಯಲ್ಲಿ ಒಂದು ವರ್ಷದ ಬರ ತಡೆಯುವಷ್ಟು ಕಣಜ ಇದ್ದರೆ ಹೇಗೋ, ಹಾಗೆ.

ವಯಸ್ಸು ಮುಖ್ಯವಾ, ಗಾತ್ರ ಮುಖ್ಯವಾ? ಎರಡೂ ಒಂದೇ ಅಂದ್ರಿ

ಬಹುಪಾಲು ಒಟ್ಟಿಗೆ ಹೋಗುತ್ತವೆ, ಅದಕ್ಕೇ ಬಿಡಿಸುವುದು ಕಷ್ಟ. ಮೊಟ್ಟೆಯ ಸಂಖ್ಯೆಗೆ ಗಾತ್ರ ಮುಖ್ಯ. ಮೊಟ್ಟೆಯ ಗುಣಕ್ಕೆ ಆ ವರ್ಷ ತಿಂದದ್ದೆಷ್ಟು, ಹಿಂದೆ ಎಷ್ಟು ಸಲ ಮೊಟ್ಟೆ ಇಟ್ಟಿದೆ ಅನ್ನುವುದೂ ಸೇರುತ್ತದೆ. ಒಂದೇ ಗಾತ್ರದ ಎರಡು ಮೀನು ತಗೊಳ್ಳಿ. ಒಂದು ಚೊಚ್ಚಲು, ಇನ್ನೊಂದಕ್ಕೆ ಮೂರನೇ ಸಲ. ಎರಡನೆಯದರ ಮೇಲೆ ನಾನು ದುಡ್ಡು ಕಟ್ಟುತ್ತೇನೆ. ಅದೇ ಮೂರನೇ ಸಲದ ಮೀನು ಹಸಿದು ಸೊರಗಿದ್ದರೆ ಕಟ್ಟುವುದಿಲ್ಲ.

ಕೆರೆ ಮರಿ ಮಾಡೋವ್ರು ಬ್ರೂಡರ್ (ಮರಿ ಮಾಡಿಸೋಕೆ ಸಾಕಿದ ಮೀನು) 2–4 ವರ್ಷದ್ದೇ ಸಾಕು ಅಂತಾರಲ್ಲ? ನಿಮ್ಮ ಮಾತು ಅದಕ್ಕೆ ವಿರುದ್ಧ ಆಯ್ತಲ್ಲ?

ವಿರುದ್ಧ ಅಲ್ಲ, ಕಸುಬು ಬೇರೆ. ಕೆರೆಯಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಸುಮಾರು ಎರಡು ವರ್ಷಕ್ಕೇ ಬಲಿಯುತ್ತವೆ. ಮರಿ ಮಾಡುವ ಕೇಂದ್ರದಲ್ಲಿ ಬ್ರೂಡರನ್ನು ಕೈಯಲ್ಲಿ ಎತ್ತಬೇಕು, ಸೂಜಿ ಹಾಕಬೇಕು, ಒಂದು ಕೊಳದಿಂದ ಇನ್ನೊಂದಕ್ಕೆ ಸಾಗಿಸಬೇಕು. ಹದಿನೈದು ಕಿಲೊದ ಕಾಟ್ಲಾ ಹೊಡೆದುಕೊಂಡರೆ ಇಬ್ಬರಿಗೂ ಪೆಟ್ಟು. ಅಲ್ಲಿ ಮೊಟ್ಟೆಗೆ ಆಮ್ಲಜನಕ ಕೊಡುತ್ತೇವೆ, ಮರಿಗೆ ಹುಳ ಬೆಳೆಸಿ ತಿನ್ನಿಸುತ್ತೇವೆ. ತಾಯಿಯ ಬುತ್ತಿ ಸ್ವಲ್ಪ ಕಡಿಮೆಯಾದರೂ ನಾವು ತುಂಬಿಸುತ್ತೇವೆ. ಸಮುದ್ರದಲ್ಲಿ ತುಂಬಿಸುವವರು ಯಾರು?

ಆದರೂ ಚೊಚ್ಚಲಿನ ಪಾಠ ಇಲ್ಲೂ ನಡೆಯುತ್ತದೆ. ಒಂದು ವರ್ಷ ಅವಸರಕ್ಕೆ ಒಬ್ಬ ಖಾಸಗಿಯವರಿಂದ ಕಡಿಮೆ ರೇಟಿಗೆ ಮರಿ ತಂದೆ. ಕವರ್ ಬಿಚ್ಚಿದಾಗಲೇ ಅನುಮಾನ ಬಂತು. ಒಂದು ಮರಿ ಬೆರಳಿನಷ್ಟು, ಇನ್ನೊಂದು ಬತ್ತದ ಕಾಳಿನಷ್ಟು, ಅರ್ಧದಷ್ಟು ಮರಿಗಳಿಗೆ ಮೈಗಿಂತ ತಲೆಯೇ ದೊಡ್ಡದು. ವಿಚಾರಿಸಿದರೆ ಬ್ರೂಡರ್ ಇನ್ನೂ ಒಂದು ಕಿಲೊ ದಾಟಿರಲಿಲ್ಲವಂತೆ, ಅದೂ ನಾಲ್ಕಾರು ವರ್ಷದಿಂದ ಅದೇ ಸಂಸಾರದ ಮೀನು. ಆ ಕೆರೆಯಲ್ಲಿ ಹಿಡಿದ ಮೀನಿಗಿಂತ ಹಾಕಿದ ಮೇವಿನ ತೂಕವೇ ಜಾಸ್ತಿ. ಈಗ ಮರಿ ಕೇಳುವ ಮೊದಲು ಬ್ರೂಡರ್ ಕೊಳ ತೋರಿಸಿ ಅನ್ನುತ್ತೇನೆ.

ಕಡೇದಾಗಿ ಹೇಳಿ, ನಮ್ಮ ಹೊಳೆ ಮೀನಿಗೂ ಈ ಲೆಕ್ಕ ಹೊಂದುತ್ತಾ?

ಎಲ್ಲದಕ್ಕೂ ಅಲ್ಲ. ಗದ್ದೆಗೆ ಹತ್ತುವ ಸಣ್ಣ ಮೀನುಗಳಿಗೆ ಕಾಡ್ ಹಾಗೆ ಇಪ್ಪತ್ತು ವರ್ಷದ ಆಯಸ್ಸಿಲ್ಲ. ಅಲ್ಲಿ ವಯಸ್ಸಿಗಿಂತ ಮೊದಲಿನ ವಿಷಯ ಇದೆ. ಮೀನು ಹಿಡಿಯುವ ಕೂಣಿ ಬುಟ್ಟಿಯನ್ನು ಎಲ್ಲಿ, ಯಾವಾಗ ಇಡುತ್ತೇವೆ ಅನ್ನುವುದು. ಹತ್ತುವಾಗ ಹಿಡಿದರೆ ತತ್ತಿ ಸಮೇತ ಹೋಯಿತು. ನಮ್ಮ ಮನೆಯಲ್ಲೂ ಚಿಕ್ಕಂದಿನಲ್ಲಿ ತತ್ತಿ ತುಂಬಿದ ಮೀನು ಬಂದರೆ ಹಬ್ಬ. ಅಮ್ಮ ಹೊಟ್ಟೆ ಸೀಳಿ ಹಳದಿ ಗೊಂಚಲನ್ನು ಬಾಳೆಲೆಯ ತುಂಡಿನ ಮೇಲೆ ಬೇರೆ ಎತ್ತಿಡುತ್ತಿದ್ದರು, ಉಪ್ಪು ಖಾರ ಸವರಿ ಹುರಿಯಲು. ಅದಕ್ಕೆ ನಾವು ಮಕ್ಕಳು ಜಗಳವಾಡುತ್ತಿದ್ದೆವು. ಹಾಗಾಗಿ ಬುದ್ಧಿ ಹೇಳುವ ಯೋಗ್ಯತೆ ನನಗೂ ಇಲ್ಲ.

ಕಾಡ್ ಲೆಕ್ಕಕ್ಕೆ ಹತ್ತಿರ ಬರುವುದು ಮಹಶೀರ್ ಎಂಬ ಹೊಳೆ ಮೀನು. ನಿಧಾನ ಬೆಳೆಯುತ್ತದೆ, ಬಹಳ ವರ್ಷ ಬದುಕುತ್ತದೆ, ದೊಡ್ಡದಾಗುತ್ತದೆ. ಕಾಡ್ ಹಾಗೆ ಮೊಟ್ಟೆಯ ರಾಶಿ ಇಲ್ಲ, ಹಾಗಾಗಿ ಒಂದೊಂದು ದೊಡ್ಡ ತಾಯಿಗೂ ಬೆಲೆ ಇನ್ನೂ ಜಾಸ್ತಿ. ತುಂಗೆಯಲ್ಲಿ ಅಂಥ ಮೀನು ಕಣ್ಣಿಗೆ ಬೀಳುವುದು ಶೃಂಗೇರಿಯ ಸೋಪಾನದಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ. ಹಿಡಿಯಬಾರದು ಅಂತ ಜನ ಬಿಟ್ಟ ಜಾಗಗಳು. ದೇವರ ಮೀನು ಅಂತ ಬಿಟ್ಟರು, ಯಾವ ಲೆಕ್ಕವೂ ನೋಡಿರಲಿಲ್ಲ.

ಶೃಂಗೇರಿಯಲ್ಲಿ ಮಂಡಕ್ಕಿ ಎಸೆದು ನೋಡಿ. ಮೊದಲು ಸಣ್ಣವು ಮುತ್ತಿಕೊಂಡು ಬಾಯಿ ಬಡಿಯುತ್ತವೆ. ಸ್ವಲ್ಪ ಹೊತ್ತಿಗೆ ಕೆಳಗಿನ ಕತ್ತಲೆಯಿಂದ ಒಂದು ಅಗಲವಾದ ಬೆನ್ನು ನಿಧಾನ ಮೇಲಕ್ಕೆ ಬರುತ್ತದೆ, ಸಣ್ಣವು ಸರಿದು ದಾರಿ ಬಿಡುತ್ತವೆ. ಅದರ ವಯಸ್ಸೆಷ್ಟು ಅಂತ ಮೊನ್ನೆ ಅಣ್ಣನ ಮಗಳು ಕೇಳಿದಳು. 'ಕಿವಿಗಲ್ಲು ನೋಡದೆ ಹೇಳೋಕಾಗಲ್ಲ ಪುಟ್ಟಿ' ಅಂದೆ. 'ಹಾಗಾದ್ರೆ ಬೇಡ ಬಿಡು ಚಿಕ್ಕಪ್ಪ' ಅಂದು ಉಳಿದ ಮಂಡಕ್ಕಿಯನ್ನೂ ಸುರಿದಳು.